ಬಿಲಿಮೋರಾದಲ್ಲಿ ಇಳಿಯುವವರಿಗೆ

ಈ ಸಲದ ಪ್ರವಾಸ ಸಂಚಿಕೆಗೆ ಬರೆದವರಲ್ಲಿ ಒಂದಿಬ್ಬರು ನಮ್ಮ ಮೇಲೆ ಮುನಿಸಿಕೊಂಡಿದ್ದಾರೆ. ಯಾವ ಹಳ್ಳಿ ದಾಟಿದ ಮೇಲೆ ಎಡಕ್ಕೆ ಹೊರಳಬೇಕು, ಗಾಡಿ ಎಲ್ಲಿ ನಿಲ್ಲಿಸಬೇಕು, ಅಲ್ಲಿಂದ ಎಷ್ಟು ನಡೆದರೆ ಇನ್ನೂ ಯಾರ ಫೋನಿನಲ್ಲೂ ಸೆರೆಯಾಗದ ಅಬ್ಬಿ ಸಿಗುತ್ತದೆ ಎಂದು ಅವರು ಚೊಕ್ಕವಾಗಿ ಬರೆದು ಕಳಿಸಿದ್ದರು. ಅದಷ್ಟನ್ನೂ ತೆಗೆದುಹಾಕಿದ್ದೇವೆ. ಉಳಿದ ಬರಹ ಹಾಗೇ ಇದೆ. "ದಾರಿಯನ್ನೇ ಹೇಳದಿದ್ದ ಮೇಲೆ ಅದೆಂಥ ಪ್ರವಾಸ ಲೇಖನ ಮಾರಾಯ್ರೇ" ಎಂದು ಉಡುಪಿ ಕಡೆಯ ಲೇಖಕರೊಬ್ಬರು ಫೋನಿನಲ್ಲೇ ಜಗಳಕ್ಕೆ ಬಂದರು. ಜಗಳ ನ್ಯಾಯವಾದದ್ದೇ. ಆದ್ದರಿಂದ ಈ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಬರಹಗಳೆಲ್ಲ ಗುಜರಾತಿನ ದಕ್ಷಿಣ ತುದಿಯ ಡಾಂಗ್ ಜಿಲ್ಲೆಯ ಸುತ್ತಲೇ ಇರುವುದಕ್ಕೆ ಕಾರಣವಿದೆ. ವಡೋದರಾ ಬಳಿಯ ನಮ್ಮ ಕೊಯಾಲಿಯ ರಿಫೈನರಿ ಕೆಲಸ ಶುರುಮಾಡಿದ್ದು 1965ರ ಅಕ್ಟೋಬರಿನಲ್ಲಿ. ಮರುವರ್ಷ ರಾಷ್ಟ್ರಪತಿ ರಾಧಾಕೃಷ್ಣನ್ ಅದನ್ನು ದೇಶಕ್ಕೆ ಅರ್ಪಿಸಿದರು. ವರ್ಗವಾಗಿಯೋ ನೌಕರಿ ಹುಡುಕಿಯೋ ಇಲ್ಲಿಗೂ ವಡೋದರಾಕ್ಕೂ ಬಂದು ನೆಲೆಸಿದ ಕನ್ನಡದ ಮನೆಗಳಲ್ಲಿ ಕಾಡು ಎಂದರೆ ಇವತ್ತಿಗೂ ಊರಿನ ಕಾಡೇ. ಶೃಂಗೇರಿ, ಯಲ್ಲಾಪುರ, ಸುಬ್ರಹ್ಮಣ್ಯ. ಮಕ್ಕಳಿಗೆ ರಜೆ ಬಂತೆಂದರೆ ಬೆಂಗಳೂರಿನ ಗಾಡಿ, ಇಲ್ಲವೇ ಕೊಂಕಣದ ಗಾಡಿ. ರಾತ್ರಿಯಿಡೀ ಫ್ಲೇರಿನ ಬೆಂಕಿಗೆ ಕಿತ್ತಳೆಯಾಗುವ ಆಕಾಶದಡಿ ಬೆಳೆದ ಹುಡುಗರಿಗೆ ಕತ್ತಲೆ ನೋಡಲೂ ಒಂದೂಕಾಲು ಸಾವಿರ ಕಿಲೋಮೀಟರ್ ಹೋಗಬೇಕು ಎಂದು ನಾವೇ ಕಲಿಸಿದ್ದೇವೆ. ಆ ಗಾಡಿಗಳು ಸೂರತ್ ಬಿಟ್ಟು ನವಸಾರಿ ದಾಟಿದ ಮೇಲೆ ಬಿಲಿಮೋರಾ ಎಂಬ ನಿಲ್ದಾಣವನ್ನು ಹಾದುಹೋಗುತ್ತವೆ. ನಮ್ಮಲ್ಲಿ ಬಹುಪಾಲು ಜನ ಅದನ್ನು ನಿದ್ದೆಯಲ್ಲೇ ದಾಟಿದ್ದೇವೆ.

ಬಿಲಿಮೋರಾದಿಂದ ಪೂರ್ವಕ್ಕೆ ಎರಡೂವರೆ ಅಡಿ ಅಗಲದ ಹಳಿಯೊಂದು ಹೊರಡುತ್ತದೆ. ಬರೋಡಾದ ಗಾಯಕವಾಡರ ಸರ್ಕಾರ ಹಾಕಿಸಿದ ಸಣ್ಣ ಗೇಜಿನ ಹಳಿ ಅದು, 1913ರದು. 63 ಕಿಲೋಮೀಟರ್ ಸಾಗಿ ಕಾಡಿನ ಬಾಗಿಲಾದ ವಘೈಯಲ್ಲಿ ಮುಗಿಯುತ್ತದೆ. ಪ್ರವಾಸಿಗರು ಆಗ ಯಾರ ಲೆಕ್ಕದಲ್ಲೂ ಇರಲಿಲ್ಲ; ತೇಗದ ದಿಮ್ಮಿ ಇಳಿಸಲು ಆ ರೈಲು ಬೇಕಿತ್ತು. 2020ರ ಕೊನೆಯಲ್ಲಿ ರೈಲ್ವೆ ಇದನ್ನು ಲಾಭವಿಲ್ಲದ ದಾರಿಗಳ ಪಟ್ಟಿಗೆ ಸೇರಿಸಿ ಮುಚ್ಚಲು ಹೊರಟಿತ್ತು. ಜನ ಬಿಡಲಿಲ್ಲ. 2021ರ ಸೆಪ್ಟೆಂಬರಿನಲ್ಲಿ ಎಸಿ ಬೋಗಿಯೊಂದನ್ನು ಅಂಟಿಸಿಕೊಂಡು ಅದು ಮತ್ತೆ ಓಡಿತು. ಎಸಿ ಬೋಗಿಯ ಗಾಜಿನ ಹಿಂದೆ ಕೂತು ಕಾಡು ನೋಡುವುದು ನನಗಂತೂ ಸೇರದು. ಸಾದಾ ಬೋಗಿಯ ಕಿಟಕಿ ತೆಗೆಯಲು ಬರುತ್ತದೆ, ಮಾತಿಗೂ ಜನ ಸಿಗುತ್ತಾರೆ.

ವಘೈಯಿಂದಾಚೆ ಏರುವ ಬೆಟ್ಟ ನಮ್ಮದೇ ಸಹ್ಯಾದ್ರಿ. ತಾಪಿ ನದಿಯ ದಕ್ಷಿಣಕ್ಕೆ ಇಲ್ಲಿ ತಲೆಯೆತ್ತುವ ಘಟ್ಟಸಾಲು ಕನ್ಯಾಕುಮಾರಿಯ ಹತ್ತಿರದವರೆಗೆ ಸುಮಾರು 1600 ಕಿಲೋಮೀಟರ್ ಓಡುತ್ತದೆ. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಗೆ ಸೇರಿಸಿದಾಗ ಅದರಲ್ಲಿ ಕರ್ನಾಟಕದ 10 ಇದ್ದವು, ಗುಜರಾತಿನದು ಒಂದೂ ಇರಲಿಲ್ಲ. ಮರುವರ್ಷ ಕಸ್ತೂರಿರಂಗನ್ ವರದಿ ಗುರುತಿಸಿದ ಸೂಕ್ಷ್ಮ ಪ್ರದೇಶದಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್, ಗುಜರಾತಿನದು ಬರೀ 449. ಪುಸ್ತಕಗಳಲ್ಲಿ ಡಾಂಗ್ ಘಟ್ಟದ ಬಾಲಂಗೋಚಿಯಾಗಿ ಉಳಿದಿರುವುದು ಆಶ್ಚರ್ಯವಲ್ಲ. ಮಲೆನಾಡಿನವರು ಚೈತ್ರದಲ್ಲಿ ಬಂದರೆ ಪೆಚ್ಚಾಗುತ್ತಾರೆ ಅನ್ನುವುದೂ ನಿಜವೇ. ಆಗುಂಬೆಯ ಸದಾ ಒದ್ದೆ ಹಸಿರು ಇಲ್ಲಿಲ್ಲ. ಇದು ತೇಗ ಮತ್ತು ಬಿದಿರಿನ ಎಲೆಯುದುರುವ ಕಾಡು. ಬೇಸಗೆಯಲ್ಲಿ ಬೆಟ್ಟದ ಎಲುಬು ಕಾಣುತ್ತದೆ, ಕಾಲಡಿ ತೇಗದ ಎಲೆ ಹಪ್ಪಳದಂತೆ ಮುರಿಯುತ್ತದೆ. ಮುಂಗಾರು ಬಿದ್ದು ಹದಿನೈದು ದಿನವಾದರೆ ಅದೇ ಬೆಟ್ಟ ಗುರುತು ಸಿಗುವುದಿಲ್ಲ. ಅಂಬಿಕಾ, ಪೂರ್ಣಾ, ಖಾಪ್ರಿ ನದಿಗಳು ಕೆಂಪಾಗಿ ಉಕ್ಕುತ್ತವೆ. ಇಳಿಜಾರಿನ ಹೊಲಗಳಲ್ಲಿ ರಾಗಿ ನಾಟಿ ನಡೆಯುತ್ತದೆ. ಹೌದು, ರಾಗಿಯೇ. ಇಲ್ಲಿ ಅದಕ್ಕೆ ನಾಗಲಿ ಎನ್ನುತ್ತಾರೆ, ಮುದ್ದೆಯ ಬದಲು ಕೈಯಲ್ಲಿ ತಟ್ಟಿ ರೋಟಲಾ ಮಾಡುತ್ತಾರೆ, ಉದ್ದಿನ ಬೇಳೆಯ ಸಾರಿನೊಂದಿಗೆ ಉಣ್ಣುತ್ತಾರೆ. ಮಂಡ್ಯದ ಕಡೆಯ ನಮ್ಮ ಓದುಗರಿಗೆ ಇಷ್ಟು ಸಾಕು, ಟಿಕೆಟ್ ತೆಗೆದಾರು.

ವಿಳಾಸದ ಮಾತಿಗೆ ಬರೋಣ. ಫಾರೆಸ್ಟ್ ಔಲೆಟ್ ಎಂಬ ಸಣ್ಣ ಗೂಬೆಯೊಂದಿದೆ, ಮಧ್ಯಭಾರತದ ಕೆಲವು ಕಾಡುಗಳ ಹೊರತು ಬೇರೆಲ್ಲೂ ಇಲ್ಲ. 1884ರ ನಂತರ ಅದು ಯಾರಿಗೂ ಕಾಣಲಿಲ್ಲ. ಆದರೆ ಮೈನರ್ಟ್ಸ್‌ಹಾಗನ್ ಎಂಬ ಬ್ರಿಟಿಷ್ ಸೇನಾಧಿಕಾರಿಯ ಸಂಗ್ರಹದಲ್ಲಿ ಒಂದು ಹಕ್ಕಿ ಇತ್ತು. 1914ರಲ್ಲಿ ತಾಪಿ ದಂಡೆಯ ಮಾಂಡ್ವಿಯಲ್ಲಿ ಹೊಡೆದದ್ದು ಎಂದು ಚೀಟಿ ಅಂಟಿಸಿದ್ದ. ಹುಡುಕುವವರೆಲ್ಲ ಆ ಚೀಟಿ ನಂಬಿದರು. ಹಕ್ಕಿ ವಸ್ತುಸಂಗ್ರಹಾಲಯದಿಂದ ಕದ್ದದ್ದು, ಊರು ಸುಳ್ಳು ಎಂದು ಪಕ್ಷಿತಜ್ಞೆ ಪಮೇಲಾ ರಾಸ್ಮುಸೆನ್ ಪತ್ತೆ ಮಾಡಿದರು. ಅವನ ಚೀಟಿಯನ್ನು ಬದಿಗಿಟ್ಟು ನಿಜವಾದ ಹಳೆಯ ದಾಖಲೆಗಳ ಊರುಗಳಲ್ಲಿ ಹುಡುಕಿದಾಗ, 1997ರ ನವೆಂಬರಿನಲ್ಲಿ, ಮಹಾರಾಷ್ಟ್ರದ ಶಹಾದಾ ಬಳಿಯ ಕಾಡಿನಲ್ಲಿ ಗೂಬೆ ಹಾಡುಹಗಲೇ ಕೂತಿತ್ತು. ಮುಂದೆ ಡಾಂಗಿನ ಪೂರ್ಣಾ ಅಭಯಾರಣ್ಯದಲ್ಲೂ ಕಂಡಿತು. ಸುಳ್ಳು ವಿಳಾಸದಿಂದ ಅದು ಇಷ್ಟು ವರ್ಷ ಬದುಕಿತೋ ಏನೋ ಎಂದು ನಮ್ಮ ಪ್ರೂಫ್ ನೋಡುವವರು ತಮಾಷೆ ಮಾಡುತ್ತಾರೆ. ಕಾಡೇ ಕರಗುತ್ತಿದ್ದಾಗ ವಿಳಾಸ ಮುಚ್ಚಿಟ್ಟರೆ ಉಳಿಯುವುದೆಷ್ಟು ಎಂಬುದು ಬೇರೆ ಮಾತು.

ಹುಲಿ ಮಾತ್ರ ಡಾಂಗಿನಿಂದ ಹೋಗಿ ದಶಕಗಳಾದವು. ಹುಲಿಯ ದೇವರು ಉಳಿದಿದ್ದಾನೆ. ಹುಲಿ, ಸೂರ್ಯ, ಚಂದ್ರ, ಹಾವು ಕೆತ್ತಿದ ಮರದ ಕಂಬಗಳು ಹಳ್ಳಿಗಳ ಅಂಚಿನಲ್ಲಿ ನಿಂತಿವೆ; ದೀಪಾವಳಿಗೆ ಮುಂಚಿನ ವಾಘಬಾರಸದ ದಿನ ದನಗಾಹಿಗಳು ಪೂಜೆ ಮಾಡುತ್ತಾರೆ. ಶಿರಸಿ ಸೀಮೆಯಲ್ಲಿ ದೀಪಾವಳಿಯ ಗೋಪೂಜೆಯ ದಿನ ಹುಲಿಯಪ್ಪನಿಗೆ ಕಾಯಿ ಒಡೆಯುವವರಿಗೆ ಇದನ್ನು ವಿವರಿಸಬೇಕಿಲ್ಲ. ಸುಬೀರದ ಬಳಿ ಶಬರಿಯ ಗುಡಿಯಿದೆ, ಪಂಪಾ ಸರೋವರವೂ ಇದೆ. 2006ರಲ್ಲಿ ಅಲ್ಲಿ ದೊಡ್ಡ ಶಬರಿ ಕುಂಭ ನಡೆಯಿತು. ಆನೆಗೊಂದಿಯ ಪಂಪಾ ಸರೋವರ ಕಂಡ ಕೊಪ್ಪಳದವರು ಇಲ್ಲಿ ವಾದಕ್ಕೆ ನಿಲ್ಲದಿದ್ದರೆ ಕ್ಷೇಮ.

ಈ ಕಾಡು ಯಾರದು ಎಂಬ ಕಥೆ ಪ್ರವಾಸಿ ಬೋರ್ಡುಗಳಲ್ಲಿ ಇರುವುದಿಲ್ಲ. ಚರಿತ್ರಕಾರ ಅಜಯ್ ಸ್ಕಾರಿಯಾ ಇಲ್ಲಿಯ ಭಿಲ್ ಹಿರಿಯರು ಹೇಳುವ ಗತಕಾಲದ ಕಥೆಗಳನ್ನು ಕೂತು ಕೇಳಿ 1999ರಲ್ಲಿ ಪುಸ್ತಕ ಮಾಡಿದರು. ಆ ಕಥೆಗಳಲ್ಲಿ ಕಾಲ ಎರಡೇ. ಮನಸ್ಸು ಬಂದಲ್ಲಿ ಅಲೆದು, ಬೇಟೆಯಾಡಿ, ಬಯಲುಸೀಮೆಯ ಊರುಗಳಿಂದ ಕಪ್ಪ ವಸೂಲಿ ಮಾಡುತ್ತಿದ್ದ ಮೊಗ್ಲಾಯಿ ಒಂದು. ಇಂಗ್ಲಿಷರು ಬಂದು ಕಾಡಿಗೆ ಗಡಿಕಲ್ಲು ನೆಟ್ಟ ಮೇಲಿನ ಮಂದಿನಿ ಇನ್ನೊಂದು. ತೇಗಕ್ಕಾಗಿ 1840ರ ದಶಕದಲ್ಲಿ ಬ್ರಿಟಿಷರು ಭಿಲ್ ನಾಯಕರಿಂದ ಈ ಕಾಡನ್ನು ಗುತ್ತಿಗೆ ಹಿಡಿದರು. ಮುಂಬಯಿಯಲ್ಲಿ ಹಡಗು ಕಟ್ಟಲು ಅದು ಬೇಕಿತ್ತು. ಆ ಗುತ್ತಿಗೆಯ ಹಣ ಇಂದಿಗೂ ಪಿಂಚಣಿಯ ರೂಪದಲ್ಲಿ ನಡೆದಿದೆ: ಹೋಳಿಯ ಹೊತ್ತಿಗೆ ಜಿಲ್ಲಾ ಕೇಂದ್ರ ಆಹವಾದ ಡಾಂಗ್ ದರ್ಬಾರಿನಲ್ಲಿ ಗಾಢವಿ, ಲಿಂಗಾ, ದಹೇರ್, ವಾಸುರ್ಣಾ, ಪಿಂಪ್ರಿಯ ಐವರು ರಾಜರು ಮೆರವಣಿಗೆಯಲ್ಲಿ ಬಂದು ಸರ್ಕಾರದ ಕೈಯಿಂದ ಅದನ್ನು ಪಡೆಯುತ್ತಾರೆ. ದೇಶದ ದೊಡ್ಡ ಮಹಾರಾಜರ ರಾಜಧನ 1971ರಲ್ಲೇ ರದ್ದಾಯಿತು, ಇವರದು ಉಳಿಯಿತು. ಮೊತ್ತ ಕೇಳಿದರೆ ಯಾರೂ ಹೊಟ್ಟೆಕಿಚ್ಚು ಪಡುವುದಿಲ್ಲ. 1960ರಲ್ಲಿ ಮುಂಬಯಿ ರಾಜ್ಯ ಒಡೆದಾಗ ಡಾಂಗ್ ಯಾರಿಗೆ ಸೇರಬೇಕೆಂದು ಮರಾಠಿಯವರೂ ಗುಜರಾತಿಯವರೂ ಹಗ್ಗ ಜಗ್ಗಿದ್ದರು. ಡಾಂಗಿ ಮಾತಾಡುವವರನ್ನು ಕೇಳಿದವರು ಕಡಿಮೆ. ಕಾಸರಗೋಡಿನ ನಮ್ಮ ಓದುಗರು ಈ ಸಾಲನ್ನು ಎರಡು ಸಲ ಓದುತ್ತಾರೆಂದು ಬಲ್ಲೆ.

ಬಂದ ಬರಹಗಳಲ್ಲಿ ಪದೇ ಪದೇ ಕಂಡ ಒಂದು ಮಾತು ನನ್ನನ್ನು ಕಾಡಿತು. ಚಳಿಗಾಲದಲ್ಲಿ ಹೋದವರೆಲ್ಲ ಹಳ್ಳಿಗಳ "ಅಪೂರ್ವ ಶಾಂತಿ"ಯನ್ನು ಹೊಗಳಿದ್ದಾರೆ. ಬಾಗಿಲು ಹಾಕಿದ ಮನೆಗಳು, ಜಗಲಿಯಲ್ಲಿ ಮುದುಕರು, ಅಂಗಳದಲ್ಲಿ ಕೋಳಿ. ಆ ಶಾಂತಿಗೆ ಕಾರಣ ಕಬ್ಬು. ದೀಪಾವಳಿ ಮುಗಿಯುತ್ತಿದ್ದಂತೆ ಡಾಂಗಿನ ದುಡಿಯುವ ಜನ ಗಂಟುಮೂಟೆ ಕಟ್ಟಿ, ಮಕ್ಕಳನ್ನೂ ಕರೆದುಕೊಂಡು, ಲಾರಿ ಹತ್ತಿ ಬಾರ್ಡೋಲಿ, ಸೂರತ್, ನವಸಾರಿ ಕಡೆಯ ಸಕ್ಕರೆ ಕಾರ್ಖಾನೆಗಳ ಗದ್ದೆಗಳಿಗೆ ಇಳಿಯುತ್ತಾರೆ. ಕಡಿಯುವ ಕತ್ತಿಗೆ ಕೋಯ್ತಾ ಎನ್ನುತ್ತಾರೆ. ಕಡಿಯುವವರ ಹೆಸರೂ ಅದೇ. ಗಂಡ ಹೆಂಡತಿ ಇಬ್ಬರೂ ಸೇರಿ ಲೆಕ್ಕದಲ್ಲಿ ಒಂದು ಕೋಯ್ತಾ. ಮಳೆಗಾಲದ ಹಸಿವಿನ ದಿನಗಳಲ್ಲಿ, ಕೂಲಿಗಳನ್ನು ಕರೆದೊಯ್ಯುವ ಮುಕಾದಮ ಮುಂಗಡ ಕೊಟ್ಟಿರುತ್ತಾನೆ. ಅದು ಬಡ್ಡಿ ಸಮೇತ ತೀರುವ ಹೊತ್ತಿಗೆ ಬೇಸಗೆ ಬಂದಿರುತ್ತದೆ. ಡಚ್ ಸಮಾಜಶಾಸ್ತ್ರಜ್ಞ ಯಾನ್ ಬ್ರೆಮನ್ 1970ರ ದಶಕದಿಂದಲೂ ಬಾರ್ಡೋಲಿಯ ಈ ಗುಡಿಸಲುಗಳ ಬಗ್ಗೆ ಬರೆಯುತ್ತ ಬಂದಿದ್ದಾರೆ. ಬೀಡ್ ಕಡೆಯಿಂದ ಬೆಳಗಾವಿ ಜಿಲ್ಲೆಗೆ ಬರುವ ಕಬ್ಬಿನ ಗ್ಯಾಂಗುಗಳನ್ನು ನೋಡಿ ಬೆಳೆದವರು ನಮ್ಮಲ್ಲಿದ್ದಾರೆ. ಅವರು ಬರೆದಿದ್ದರೆ ಆ ಮುಚ್ಚಿದ ಬಾಗಿಲುಗಳನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದರು. ನಾವು ಸೂರತ್ ಹೈವೇಯಲ್ಲಿ ಡಾಂಗಿಗೆ ಓಡುವಾಗ ಎರಡೂ ಬದಿಯ ಗದ್ದೆಗಳಲ್ಲಿ ಡಾಂಗಿನವರೇ ಬಗ್ಗಿ ನಿಂತಿರುತ್ತಾರೆ. 2011ರ ಜನಗಣತಿಯಲ್ಲಿ ಆ ಜಿಲ್ಲೆಯ ಜನಸಂಖ್ಯೆ ಸುಮಾರು 2.28 ಲಕ್ಷ, ಗುಜರಾತಿನಲ್ಲೇ ಅತಿ ಕಡಿಮೆ. ಚಳಿಗಾಲದಲ್ಲಿ ಎಣಿಸಿದರೆ ಇನ್ನೂ ಕಡಿಮೆ ಸಿಕ್ಕೀತು.

ಹೀಗಿರುವಾಗ ಯಾರಿಗೂ ಗೊತ್ತಿಲ್ಲದ ಜಾಗ ಎಂಬ ಮಾತನ್ನು ಅಚ್ಚುಹಾಕಲು ನನಗೆ ಮನಸ್ಸಾಗಲಿಲ್ಲ, ದಾರಿ ತೋರಿಸಲೂ ಆಗಲಿಲ್ಲ. ಊರಲ್ಲಿ ಆದದ್ದು ಕಣ್ಣೆದುರಿಗಿದೆ. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ಕಾಲುದಾರಿಯಲ್ಲಿ ಜನ ಸಂತೆಯ ಸಾಲಿನಂತೆ ಹತ್ತಿದ ಚಿತ್ರ ನೋಡಿದ್ದೇವೆ. ಆಮೇಲೆ ಅರಣ್ಯ ಇಲಾಖೆ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಡಾಂಗಿನ ಗಿರಿಧಾಮ ಸಾಪುತಾರಾ ಈಗಾಗಲೇ ಆ ಹಾದಿಯಲ್ಲಿದೆ. ಮಳೆಗಾಲದ ಭಾನುವಾರ ಅಲ್ಲಿ ಕಾಡಿಗಿಂತ ಕಾರುಗಳೇ ಹೆಚ್ಚು. ಸಣ್ಣ ಹಳ್ಳದಲ್ಲಿ ನೀರು ತುಂಬುವ ಹೆಂಗಸರಿರುತ್ತಾರೆ. ಅಲ್ಲಿಗೆ ವಾರಕ್ಕೆ ನಲವತ್ತು ಕಾರು ಬಂದರೆ ಅವರು ಬೇರೆ ಹೊತ್ತು ಹುಡುಕಿಕೊಳ್ಳಬೇಕಾಗುತ್ತದೆ. ಆ ಹೊಣೆ ಹೊರಲು ನಮ್ಮ ಚಿಕ್ಕ ಪತ್ರಿಕೆಗೆ ಮನಸ್ಸಿಲ್ಲ, ಅಷ್ಟೆ.

ಹೋಗಬೇಡಿ ಎಂದು ನಾವು ಹೇಳುತ್ತಿಲ್ಲ. ಮಹಾಲ್, ಕಿಲಾದಗಳಲ್ಲಿ ಅರಣ್ಯ ಇಲಾಖೆಯ ಶಿಬಿರಗಳಿವೆ; ಅವುಗಳ ಹೆಸರನ್ನು ಲೇಖನಗಳಲ್ಲಿ ಉಳಿಸಿಕೊಂಡಿದ್ದೇವೆ. ಆದಿವಾಸಿ ಮಹಿಳೆಯರ ಗುಂಪುಗಳು ನಡೆಸುವ ನಾಹರಿ ಊಟದ ಮನೆಗಳ ಬಗ್ಗೆಯೂ ಧಾರಾಳವಾಗಿ ಬರೆದಿದ್ದೇವೆ. ಅಲ್ಲಿ ಕೂತು ನಾಗಲಿ ರೋಟಲಾ, ಎಳೆ ಬಿದಿರಿನ ಪಲ್ಯ ಉಂಡು, ಮುಂದಿನ ದಾರಿಯನ್ನು ಬಡಿಸಿದವರನ್ನೇ ಕೇಳಿ. ಹೇಳಬೇಕಾದ ಜಾಗವನ್ನು ಅವರೇ ಹೇಳುತ್ತಾರೆ, ಬೇಡವಾದದ್ದಕ್ಕೆ "ಅಲ್ಲೇನೂ ಇಲ್ಲ ಭಾಯ್" ಎನ್ನುತ್ತಾರೆ. ಆ ಮಾತು ಸುಳ್ಳೆಂದು ಗೊತ್ತಾದರೂ ಹಿಂದಿರುಗಿ.

ಉಡುಪಿಯವರ ಲೇಖನ ಮೂವತ್ತೆರಡನೆಯ ಪುಟದಲ್ಲಿದೆ. ದಾರಿಯಿಲ್ಲದಿದ್ದರೂ ಈ ಸಂಚಿಕೆಯಲ್ಲಿ ನನಗೆ ಹೆಚ್ಚು ಹಿಡಿಸಿದ ಬರಹ ಅದೇ. ದೀಪಾವಳಿ ಸಂಚಿಕೆಗೆ ಕಬ್ಬು ಕಡಿಯುವವರ ಬಗ್ಗೆ ಬರಹಗಳು ಬೇಕು, ಗುಜರಾತಿನವರಾದರೂ ಸರಿ, ಬೆಳಗಾವಿ ಮಂಡ್ಯದವರಾದರೂ ಸರಿ. ರಿಫೈನರಿಯ ಮೊದಲ ವರ್ಷಗಳಲ್ಲಿ ವಘೈಯ ರೈಲಿನಲ್ಲಿ ಓಡಾಡಿದ ಹಿರಿಯರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ, ಬರೆಯಲಾಗದಿದ್ದರೆ ಹೇಳಿಕಳಿಸಿ, ನಮ್ಮವರು ಮನೆಗೇ ಬಂದು ಬರೆದುಕೊಳ್ಳುತ್ತಾರೆ. ಕೈಬರಹವಾದರೆ ಹಾಳೆಯ ಒಂದೇ ಮಗ್ಗುಲಲ್ಲಿರಲಿ.