ಸಹಿಯ ಜಮೀನ್ದಾರಿ

ಮಗುವನ್ನು ಮೀಯಿಸಿ, ಉಣಿಸಿ, ಶಾಲೆಗೆ ಕಳಿಸಿ, ಜ್ವರ ಬಂದ ರಾತ್ರಿ ನಿದ್ದೆಗೆಟ್ಟು ಕುಳಿತವಳು ತಾಯಿ. ಅದೇ ಮಗುವನ್ನು ಕರೆದುಕೊಂಡು ಹೊರದೇಶಕ್ಕೆ ದುಡಿಯಲು ಹೋಗಬೇಕೆಂದರೆ ಸಹಿ ಬೇಕಾದದ್ದು ತಂದೆಯದು. ವಿಚ್ಛೇದನವಾಗಿ ವರ್ಷಗಳೇ ಕಳೆದಿರಲಿ, ಜೀವನಾಂಶದ ಒಂದು ಕಾಸೂ ಬಾರದಿರಲಿ, ಸಹಿ ಮಾತ್ರ ಬೇಕು. ಇದು ಯಾವ ಸೀಮೆಯ ನ್ಯಾಯ?

ನಮ್ಮ ಕಡೆಯ ಹೆಣ್ಣುಮಕ್ಕಳು ದಾದಿಯರಾಗಿ ಕೊಲ್ಲಿ ದೇಶಗಳಿಗೆ, ಇಂಗ್ಲೆಂಡಿಗೆ ಹೋಗುವುದು ಹೊಸ ಸಂಗತಿಯಲ್ಲ. ವಿಚ್ಛೇದನ ಪಡೆದ ಇಂಥ ಒಬ್ಬ ದಾದಿಗೆ ಅಲ್ಲಿನ ಆಸ್ಪತ್ರೆಯಿಂದ ನೇಮಕದ ಪತ್ರ ಬಂದಿತೆನ್ನಿ. ಮಗುವಿನ ಪಾಸ್‌ಪೋರ್ಟಿಗೆ ತಂದೆತಾಯಿ ಇಬ್ಬರೂ ಸಹಿ ಮಾಡಿದ ಘೋಷಣೆಯನ್ನು ಕೇಳುತ್ತಾರೆ. ಇನ್ನೊಬ್ಬರ ಒಪ್ಪಿಗೆ ಸಿಗದಿದ್ದರೆ ಅದಕ್ಕೆ ಬೇರೊಂದು ನಮೂನೆಯಿದೆ. 2016ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರವು ಅರ್ಜಿಯಲ್ಲಿ ತಂದೆ ಅಥವಾ ತಾಯಿ ಒಬ್ಬರ ಹೆಸರಿದ್ದರೆ ಸಾಕೆಂದು ಸಡಿಲಿಸಿತು. ಒಳ್ಳೆಯದೇ ಆಯಿತು. ಆದರೆ ಮಗುವಿನ ವಿಷಯ ನ್ಯಾಯಾಲಯದಲ್ಲಿದ್ದರೆ ನಮೂನೆಗಳಿಂದ ಕೆಲಸ ಸಾಗದು. 1890ರ ಪೋಷಕರ ಮತ್ತು ಪಾಲ್ಯರ ಕಾಯಿದೆಯ 26ನೆಯ ಕಲಮು ಇಂದಿಗೂ ಜೀವಂತವಾಗಿದೆ: ನ್ಯಾಯಾಲಯ ನೇಮಿಸಿದ ಪೋಷಕರು ಅದರ ಅನುಮತಿಯಿಲ್ಲದೆ ಮಗುವನ್ನು ಅದರ ಸರಹದ್ದಿನಾಚೆಗೆ ಒಯ್ಯಕೂಡದು. ಅನುಮತಿಗೆ ಅರ್ಜಿ ಹಾಕಿದರೆ ನೋಟೀಸು, ಆಕ್ಷೇಪಣೆ, ವಾಯಿದೆಯ ಮೇಲೆ ವಾಯಿದೆ. ಅಷ್ಟು ಕಾಲ ಯಾವ ಆಸ್ಪತ್ರೆ ಕೆಲಸ ಕಾದಿರಿಸುತ್ತದೆ?

ಇಲ್ಲಿಂದ ವ್ಯಾಪಾರ ಶುರುವಾಗುತ್ತದೆ. ಸಹಿಗೆ ಬೆಲೆ ಕಟ್ಟಲಾಗುತ್ತದೆ. ಬಾಕಿ ಜೀವನಾಂಶ ಬಿಟ್ಟುಕೊಡು, ತವರಿನ ಒಡವೆಯ ಮಾತೆತ್ತಬೇಡ, ಹಾಕಿದ ದೂರು ಹಿಂತೆಗೆದುಕೋ, ಆಮೇಲೆ ಸಹಿ ನೋಡೋಣ. ಇದನ್ನು ರಾಜಿ ಎಂದು ಕರೆಯುವ ಮಹನೀಯರಿದ್ದಾರೆ! ಮಗುವಿನ ಅನ್ನದ ಹಣವನ್ನೇ ಕೊಟ್ಟು ಮಗುವಿನ ಪಾಸ್‌ಪೋರ್ಟು ಕೊಳ್ಳುವುದು ರಾಜಿಯಂತೆ.

ಈ ರೋಗದ ಬೇರು ಹಳೆಯದು. ಹಿಂದೂ ಸಂಹಿತೆಯ ಮಸೂದೆಯನ್ನು ಮೂಲೆಗೆ ತಳ್ಳಿದ್ದಕ್ಕೆ ಬೇಸತ್ತು ಡಾ. ಅಂಬೇಡ್ಕರರು 1951ರಲ್ಲಿ ಮಂತ್ರಿಪದವಿ ಬಿಟ್ಟರು. ಬಳಿಕ ಅದನ್ನು ತುಂಡುತುಂಡಾಗಿ ಪಾಸು ಮಾಡಿದರು. 1956ರಲ್ಲಿ ಬಂದ ಅಪ್ರಾಪ್ತವಯಸ್ಕರ ಪೋಷಕತ್ವದ ತುಂಡಿನ 6ನೆಯ ಕಲಮು ಹೇಳುತ್ತದೆ: ಸಹಜ ಪೋಷಕನು ತಂದೆ, ಅವನ ನಂತರ ತಾಯಿ. ಐದು ವರ್ಷ ತುಂಬುವವರೆಗೆ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದೂ ಅದೇ ಕಲಮು ಹೇಳುತ್ತದೆ. ಅಂದರೆ ಎತ್ತಿ ಆಡಿಸುವ ದುಡಿಮೆ ಅವಳದು, ಯಜಮಾನಿಕೆ ಅವನದು. ಲೇಖಕಿ ಗೀತಾ ಹರಿಹರನ್ ಅವರ ಮೊಕದ್ದಮೆಯಲ್ಲಿ 1999ರಲ್ಲಿ ಸುಪ್ರೀಂ ಕೋರ್ಟು ‘ನಂತರ’ವೆಂದರೆ ತಂದೆ ಸತ್ತ ನಂತರವೆಂದೇ ಅಲ್ಲ, ಅವನ ಗೈರುಹಾಜರಿಯಲ್ಲಿ ಎಂದು ಅರ್ಥ ಹೇಳಿತು. ಕಾನೂನು ಆಯೋಗವು 2015ರ ತನ್ನ 257ನೆಯ ವರದಿಯಲ್ಲಿ ಇಬ್ಬರಿಗೂ ಸಮಾನ ಹಕ್ಕು ಕೊಡಿರೆಂದಿತು. ವರದಿ ಕಪಾಟು ಸೇರಿತು. ಕಲಮು ಇದ್ದಲ್ಲೇ ಇದೆ.

1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಕೊಳಗದ ಅಳತೆಗಾಗಿ. ಉತ್ತು ಬೆಳೆದವನ ಭತ್ತವನ್ನು ಅಳೆಯುವ ಕೊಳಗ ಒಡೆಯನ ಕೈಯಲ್ಲಿತ್ತು. ಮಗು ಗದ್ದೆಯಲ್ಲ, ನಿಜ. ಆದರೂ ದುಡಿದವರ ಬಾಳನ್ನು ದುಡಿಯದವನ ಕೈಯ ಅಳತೆಗೆ ಒಪ್ಪಿಸುವ ಬುದ್ಧಿ ಎರಡೂ ಕಡೆ ಒಂದೇ.

ತಂದೆಗೆ ಕರುಳಿಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ವಾರವಾರ ಬಂದು ಮಗುವನ್ನು ನೋಡುವ, ತಪ್ಪದೆ ಹಣ ಕಳಿಸುವ ತಂದೆಯ ಅಳಲನ್ನು ನಾವು ಹಗುರಾಗಿ ಕಾಣುವುದಿಲ್ಲ. ಮಕ್ಕಳ ಅಪಹರಣದ ಬಗ್ಗೆ 1980ರಲ್ಲಿ ಆದ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಹೋದ ಮಗುವನ್ನು ಹಿಂದಕ್ಕೆ ತರಿಸುವ ದಾರಿ ಅವನಿಗೆ ಕಠಿಣವೇ. ಅದಕ್ಕೇ ನ್ಯಾಯಾಲಯ ಇರುವುದು. ರಜೆಯಲ್ಲಿ ಮಗುವನ್ನು ಕರೆತರಬೇಕು, ವಾರಕ್ಕೆ ಇಷ್ಟು ಸಲ ಫೋನಿನಲ್ಲಿ ಮುಖ ತೋರಿಸಿ ಮಾತಾಡಿಸಬೇಕು, ವಿಳಾಸ ಬದಲಾದರೆ ತಿಳಿಸಬೇಕು ಎಂದು ಮುಚ್ಚಳಿಕೆ ಬರೆಸಿಕೊಳ್ಳಲಿ. ಮಗುವನ್ನು ಸಾಕುತ್ತಿರುವವನು ತಂದೆಯೇ ಆಗಿ, ಸಹಿ ತಡೆದವಳು ತಾಯಿಯಾದರೆ ಆಗಲೂ ನಮ್ಮ ಮಾತು ಇದೇ.

ಹಣವಂತರ ಮನೆಯ ಹೆಂಗಸು ದೊಡ್ಡ ವಕೀಲರನ್ನಿಟ್ಟು ದಿಲ್ಲಿಯವರೆಗೂ ಹೋದಾಳು. ಬಡವಳಿಗೆ? 1987ರ ಕಾನೂನು ಸೇವೆಗಳ ಕಾಯಿದೆಯು ವರಮಾನ ನೋಡದೆ ಪ್ರತಿಯೊಬ್ಬ ಹೆಂಗಸಿಗೂ ಪುಕ್ಕಟೆ ವಕೀಲರನ್ನು ಕೊಡುತ್ತದೆ. ಇದನ್ನು ನಮ್ಮ ಕಾರ್ಯಕರ್ತರು ಮನೆಮನೆಗೆ ತಿಳಿಸಬೇಕು. ಆದರೆ ವಕೀಲರು ಪುಕ್ಕಟೆಯಾದರೆ ವಾಯಿದೆ ಬೇಗ ಬಂದೀತೇ?

ಆದ್ದರಿಂದ ನಮ್ಮ ಒತ್ತಾಯ: 6ನೆಯ ಕಲಮು ತಿದ್ದಬೇಕು. ಹೊರದೇಶಕ್ಕೆ ಹೋಗುವ ಅನುಮತಿಯ ಅರ್ಜಿ ತೊಂಬತ್ತು ದಿನದಲ್ಲಿ ತೀರ್ಮಾನವಾಗಬೇಕು. ನ್ಯಾಯಾಲಯ ವಿಧಿಸಿದ ಜೀವನಾಂಶವನ್ನು ಶಕ್ತಿಯಿದ್ದೂ ಬಾಕಿ ಉಳಿಸಿಕೊಂಡವರು, ಆ ಬಾಕಿ ತೀರಿಸುವವರೆಗೆ ಬೇಡವೆನ್ನುವ ಹಕ್ಕು ಕಳೆದುಕೊಳ್ಳಬೇಕು. ಚುನಾವಣೆಯಲ್ಲಿ ಕೈಮುಗಿದು ತಾಯಂದಿರೇ ಎಂದು ಕರೆದ ನಮ್ಮ ಜಿಲ್ಲೆಯ ಪಾರ್ಲಿಮೆಂಟ್ ಸದಸ್ಯರು ಮುಂದಿನ ಅಧಿವೇಶನದಲ್ಲಿ 257ನೆಯ ವರದಿ ಏನಾಯಿತೆಂದು ಎದ್ದು ನಿಂತು ಕೇಳುತ್ತಾರೆಯೇ?