ಲಿಂಗನಮಕ್ಕಿ ಪ್ರದೇಶದ ಹಸ್ತಪ್ರತಿಗಳು ಮತ್ತು ಚಾವಣಿ ಕ್ಯಾಮೆರಾ: ಕೆಲವು ವಿಚಾರಗಳು

ಲಿಂಗನಮಕ್ಕಿ ಜಲಾಶಯದ ನೀರು ಬಹಳವಾಗಿ ಇಳಿದ ಬೇಸಿಗೆಗಳಲ್ಲಿ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಮತ್ತೆ ಕಣ್ಣಿಗೆ ಬೀಳುತ್ತದೆ. ಶರಾವತಿಗೆ ಅಡ್ಡಲಾಗಿ ಮೊದಲು ಕಟ್ಟಿದ ಆ ಕಟ್ಟೆಯನ್ನು ೧೯೬೪ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಮುಳುಗಿಸಿತು. ಕಲ್ಲಿನ ಕಟ್ಟೆ ಹಲವು ದಶಕ ನೀರಿನಲ್ಲಿದ್ದೂ ಉಳಿದಿದೆ. ಓಲೆಗರಿಗೂ ಕಾಗದಕ್ಕೂ ಆ ಆಯುಷ್ಯವಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ನದಿ, ಸಮುದ್ರಮಟ್ಟದಿಂದ ೧೮೧೯ ಅಡಿಯವರೆಗೆ ನಿಲ್ಲುವ ಜಲಾಶಯವಾಗಿ ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ಊರು, ಗದ್ದೆ, ತೋಟಗಳನ್ನು ಆವರಿಸಿದಾಗ ಅಲ್ಲಿನ ಕುಟುಂಬಗಳು ಹೊತ್ತು ತಂದದ್ದು ಪಾತ್ರೆಪಗಡೆ, ದೇವರ ಪೆಟ್ಟಿಗೆ ಮತ್ತು ಮನೆಯ ಕಾಗದಪತ್ರಗಳನ್ನು.

ಈ ಸ್ಥಳಾಂತರದ ಮನುಷ್ಯಕಥನವನ್ನು ಕನ್ನಡ ಸಾಹಿತ್ಯವು ನಾ. ಡಿಸೋಜ (೧೯೩೭–೨೦೨೫) ಅವರ ‘ಮುಳುಗಡೆ’, ‘ದ್ವೀಪ’ಗಳ ಮೂಲಕ ಬಲ್ಲದು. ಆದರೆ ಹೊತ್ತು ತಂದ ಕಾಗದಗಳ ಕಥೆಯನ್ನು ಸಂಶೋಧನೆಯು ಇನ್ನೂ ಪೂರ್ಣವಾಗಿ ಕೈಗೆತ್ತಿಕೊಂಡಿಲ್ಲ. ಓಲೆಗರಿಯ ಕಟ್ಟು, ಕಡತ, ಲೆಕ್ಕದ ಪುಸ್ತಕ, ಯಕ್ಷಗಾನ ಪ್ರಸಂಗದ ಕೈಬರಹ, ಗೇಣಿಚೀಟಿ, ಭೂಮಿಗೆ ಸಂಬಂಧಿಸಿದ ಪತ್ರ ಮೊದಲಾದವು ಮಲೆನಾಡಿನ ಮನೆಗಳ ಅಟ್ಟಗಳಲ್ಲಿ ಒಟ್ಟೊಟ್ಟಿಗೇ ಇರುತ್ತವೆ ಎಂಬುದು ಕ್ಷೇತ್ರಕಾರ್ಯ ಮಾಡಿದವರಿಗೆಲ್ಲ ತಿಳಿದ ಸಂಗತಿ. ಸಂಶೋಧಕನಿಗೆ ಅದು ಹಸ್ತಪ್ರತಿ. ಮುಳುಗಡೆ ಸಂತ್ರಸ್ತ ಕುಟುಂಬಕ್ಕೆ ಅದೇ ಕಟ್ಟಿನ ಒಂದು ಹಾಳೆ ತಾನು ಎಲ್ಲಿಯವನೆಂಬುದಕ್ಕೆ ಉಳಿದಿರುವ ಸಾಕ್ಷಿ. ಸಂತ್ರಸ್ತರ ಹಕ್ಕುಪತ್ರದ ಪ್ರಶ್ನೆ ಪೂರ್ಣವಾಗಿ ಬಗೆಹರಿಯದಿರುವ ಸಂದರ್ಭದಲ್ಲಿ ಅವರು ಕಟ್ಟನ್ನು ಬೇರೆಯವರ ಕೈಗೆ ಕೊಡಲು ಹಿಂಜರಿಯುವುದು ಸಹಜ. ಹಾಗೆ ಕೊಟ್ಟ ಪ್ರತಿಗಳು ಮರಳಿ ಬಾರದಿರುವ ನಿದರ್ಶನಗಳೂ ನಮ್ಮ ಹಸ್ತಪ್ರತಿ ಸಂಗ್ರಹದ ಇತಿಹಾಸದಲ್ಲಿ ಇಲ್ಲದಿಲ್ಲ.

ಈ ಹಿನ್ನೆಲೆಯಲ್ಲಿ, ಈಗ ಅನೇಕ ಕಾಲೇಜುಗಳ ತರಗತಿಗಳನ್ನು ಪ್ರವೇಶಿಸಿರುವ ಚಾವಣಿ ಕ್ಯಾಮೆರಾ ಎಂಬ ಉಪಕರಣವನ್ನು ಕನ್ನಡ ವಿಭಾಗಗಳು ಗಂಭೀರವಾಗಿ ಪರಿಶೀಲಿಸಬೇಕಾಗಿದೆ. ಮೇಜಿನ ಮೇಲಿಟ್ಟ ವಸ್ತುವನ್ನು ಮೇಲಿನಿಂದ ನೇರವಾಗಿ ಚಿತ್ರಿಸಿ ಪರದೆಯಲ್ಲಿ ತೋರಿಸುವ ಈ ಸಾಧನದಿಂದ ಎರಡು ಪ್ರಯೋಜನಗಳಿವೆ. ಮೊದಲನೆಯದಾಗಿ, ಮನೆಯವರು ತಮ್ಮ ಕಟ್ಟಿನೊಡನೆ ಬಂದು ಪಕ್ಕದಲ್ಲಿಯೇ ಕುಳಿತು, ಚಿತ್ರೀಕರಣ ಮುಗಿದ ಕೂಡಲೇ ಕಟ್ಟನ್ನು ಹಿಂದೆ ಒಯ್ಯಬಹುದು. ಎರಡನೆಯದಾಗಿ, ಲಿಪಿಶಾಸ್ತ್ರದ ಪಾಠದಲ್ಲಿ ಒಂದು ಗರಿ ಇಪ್ಪತ್ತು ವಿದ್ಯಾರ್ಥಿಗಳ ಕೈ ದಾಟದೆ ಇಪ್ಪತ್ತು ವಿದ್ಯಾರ್ಥಿಗಳ ಕಣ್ಣಿಗೆ ಸೇರುತ್ತದೆ. ಆದರೆ ಈ ಉಪಕರಣದ ಅಳವಡಿಕೆಯನ್ನು ವಿದ್ಯುತ್ ಕೆಲಸದವರಿಗೆ, ಬಳಕೆಯನ್ನು ಗಣಕಯಂತ್ರ ಸಹಾಯಕರಿಗೆ ಒಪ್ಪಿಸಿ ‘ಓದುವುದಷ್ಟೇ ನಮ್ಮ ಕೆಲಸ’ ಎಂದು ವಿಭಾಗವು ಹಿಂದೆ ಸರಿಯುವುದಾದರೆ ಪ್ರಯೋಜನಕ್ಕಿಂತ ಅಪಾಯವೇ ಹೆಚ್ಚು. ಕ್ಯಾಮೆರಾವನ್ನು ಎಲ್ಲಿ, ಹೇಗೆ ತೂಗುಹಾಕಬೇಕು, ಬೆಳಕನ್ನು ಯಾವ ಕಡೆಯಿಂದ ಬಿಡಬೇಕು ಎಂಬ ನಿರ್ಧಾರಗಳು ಗ್ರಂಥಸಂಪಾದನೆಯ ಮೊದಲ ಹೆಜ್ಜೆಗಳೇ ಆಗಿವೆ ಎಂಬುದು ಪ್ರಸ್ತುತ ಲೇಖನದ ನಿಲುವು.

ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಹುಳು ಕೊರೆದ ರಂಧ್ರವೂ ಅನುಸ್ವಾರದ ಸೊನ್ನೆಯೂ ಓಲೆಗರಿಯ ಚಿತ್ರದಲ್ಲಿ ಒಂದೇ ಬಗೆಯಾಗಿ ಕಾಣುವ ಸಾಧ್ಯತೆಯಿದೆ. ಮೂಲ ಗರಿಯನ್ನು ಕೈಯಲ್ಲಿ ಹಿಡಿದವನು ಬೆಳಕಿಗೆ ಎತ್ತಿ ನೋಡಿ ಸಂದೇಹ ಪರಿಹರಿಸಿಕೊಳ್ಳುತ್ತಾನೆ. ಚಿತ್ರವನ್ನು ಮಾತ್ರ ನೋಡುವವನಿಗೆ ಆ ಅವಕಾಶವಿಲ್ಲ. ಗರಿಯ ಕೆಳಗೆ ಅದರ ಬಣ್ಣಕ್ಕಿಂತ ಭಿನ್ನವಾದ, ಹೊಳಪಿಲ್ಲದ ಬೂದುಬಣ್ಣದ ಹಾಳೆಯನ್ನು ಹಾಸಿದರೆ ರಂಧ್ರದಲ್ಲಿ ಆ ಬೂದು ಕಾಣುತ್ತದೆ, ಸೊನ್ನೆಯಲ್ಲಿ ಕಾಣುವುದಿಲ್ಲ. ಇಷ್ಟು ಸಣ್ಣ ಏರ್ಪಾಡು ತಪ್ಪಿದರೆ ಇಲ್ಲದ ಪಾಠಾಂತರವೊಂದು ಹುಟ್ಟಿಕೊಳ್ಳುತ್ತದೆ. ಇದನ್ನು ತಿಳಿದಿರಬೇಕಾದವರು ತಂತ್ರಜ್ಞರಲ್ಲ, ಕನ್ನಡ ಅಧ್ಯಾಪಕರು.

ಬೆಳಕಿನ ವಿಚಾರವೂ ಹೀಗೆಯೇ. ಚಾವಣಿ ಕ್ಯಾಮೆರಾಗಳ ಕೆಲವು ಮಾದರಿಗಳಲ್ಲಿ ದೀಪವು ಮಸೂರದ ಪಕ್ಕದಲ್ಲಿಯೇ ಇರುತ್ತದೆ. ನೇರವಾಗಿ ಮೇಲಿನಿಂದ ಬೀಳುವ ಆ ಬೆಳಕು ನಯವಾದ ಗರಿಯ ಮೇಲೆ ಹೊಳಪಾಗಿ ಪ್ರತಿಫಲಿಸಿ ಅಕ್ಷರಗಳನ್ನು ನುಂಗುತ್ತದೆ. ಅದನ್ನು ಆರಿಸಿ, ಮೇಜಿನ ಎರಡೂ ಬದಿಗಳಿಂದ ಸುಮಾರು ೪೫ ಡಿಗ್ರಿ ಕೋನದಲ್ಲಿ ಎಲ್‌ಇಡಿ ದೀಪಗಳನ್ನು ಇಡುವುದು ಒಳಿತು. ಕಾವು ಹೆಚ್ಚಿರುವ ಹ್ಯಾಲೊಜೆನ್ ದೀಪಗಳನ್ನು ಗರಿಯ ಸಮೀಪ ತರಲೇಬಾರದು. ಕಂಠದಿಂದ ಕೊರೆದು ಮಸಿ ತುಂಬದ, ಅಥವಾ ಮಸಿ ಅಳಿದ ಗರಿಗಳಿಗೆ ಒಂದೇ ಬದಿಯಿಂದ ಬಹಳ ತಗ್ಗಾಗಿ ಬೆಳಕು ಬಿಟ್ಟರೆ ಗೀರುಗಳ ನೆರಳಿನಿಂದ ಅಕ್ಷರಗಳು ಏಳುತ್ತವೆ. ಕಡತದ ಸ್ವರೂಪ ಬೇರೆ. ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಬಳಿದು ಕಪ್ಪಾಗಿಸಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಅಕ್ಷರಗಳು ಉಜ್ಜಿದರೆ ಅಳಿಯುತ್ತವೆ. ಅದನ್ನು ಗಾಜಿನ ಮೇಲೆ ಕವಿಚಿ ಹಾಕುವ ಸ್ಕ್ಯಾನರು ಅದಕ್ಕೆ ಶತ್ರು. ಏನೂ ತಾಗದಂತೆ ಮೇಲಿನಿಂದ ಚಿತ್ರಿಸುವ ಕ್ಯಾಮೆರಾ ಮಿತ್ರ. ಆದರೆ ಕಪ್ಪು ಹಿನ್ನೆಲೆಯನ್ನು ಕಂಡ ಯಂತ್ರವು ತಾನಾಗಿಯೇ ಬೆಳಕನ್ನು ಹೆಚ್ಚಿಸಿ ಬಳಪದ ಗೆರೆಗಳನ್ನು ಮಸುಕಾಗಿಸುವುದರಿಂದ, ಬೆಳಕು ಮತ್ತು ಸ್ಫುಟತೆಗಳ ಸ್ವಯಂಚಾಲಿತ ಹೊಂದಾಣಿಕೆಯನ್ನು ನಿಲ್ಲಿಸಿ ಕೈಯಿಂದಲೇ ನಿಗದಿಪಡಿಸಬೇಕು. ಶಿವಪ್ಪ ನಾಯಕನ ‘ಶಿಸ್ತಿ’ನಿಂದ ಮೊದಲುಗೊಂಡು ಈ ಸೀಮೆಯ ಭೂಕಂದಾಯದ ಚರಿತ್ರೆಯನ್ನು ಬರೆಯಬಯಸುವವರಿಗೆ ಕಡತಗಳ ಅಂಕಿಗಳೇ ಆಧಾರ, ಅಂಕಿ ಮಸುಕಾದರೆ ಚರಿತ್ರೆಯೂ ಮಸುಕು.

ಇನ್ನು ಅಳವಡಿಕೆಯ ಪ್ರಶ್ನೆ. ಬೆಲೆಕಟ್ಟಲಾಗದ ವಸ್ತುವಿನ ಮೇಲೆ, ಅದರ ಸುತ್ತ ಬಾಗಿ ನಿಂತವರ ತಲೆಯ ಮೇಲೆ ಒಂದು ಭಾರವನ್ನು ತೂಗುಹಾಕುತ್ತಿದ್ದೇವೆ ಎಂಬ ಅರಿವು ಮೊದಲು ಬೇಕು. ಜಿಪ್ಸಮ್ ಹಲಗೆಯ ಫಾಲ್ಸ್ ಸೀಲಿಂಗಿಗೆ ಕ್ಯಾಮೆರಾವನ್ನು ಎಂದಿಗೂ ಬಿಗಿಯಬಾರದು; ಅದರ ಮೇಲಿರುವ ಆರ್‌ಸಿಸಿ ಚಾವಣಿಗೆ ಆ್ಯಂಕರ್ ಬೋಲ್ಟ್‌ಗಳಿಂದ ಕೂಡಿಸಬೇಕು. ಮಲೆನಾಡಿನ ಹಳೆಯ ಕಟ್ಟಡಗಳಲ್ಲಿ ಹೆಂಚಿನ ಮಾಡಿನ ರೀಪು, ಪಕಾಸಿಗಳು ಈ ಭಾರಕ್ಕೆ ಉದ್ದೇಶಿಸಿದವಲ್ಲ. ಗೆದ್ದಲು ಹಿಡಿಯದ ಗಟ್ಟಿ ತೊಲೆ ಇದ್ದರೆ ಮಾತ್ರ, ಅದೂ ತಿಳಿದ ಬಡಗಿಯ ಒಪ್ಪಿಗೆಯ ಮೇಲೆ, ಮುಂದುವರಿಯಬಹುದು. ಇಲ್ಲವಾದರೆ ನೆಲದ ಮೇಲೆ ನಿಲ್ಲುವ ಭದ್ರವಾದ ಕಂಬವೇ ಮೇಲು. ಮುಖ್ಯ ಜೋಡಣೆ ಸಡಿಲಗೊಂಡರೂ ಕ್ಯಾಮೆರಾ ಕೆಳಗೆ ಬೀಳದಂತೆ ಪ್ರತ್ಯೇಕವಾದ ಇನ್ನೊಂದು ಬಿಂದುವಿಗೆ ಉಕ್ಕಿನ ತಂತಿಯನ್ನು ಕಟ್ಟುವುದು ಕಡ್ಡಾಯವಾಗಬೇಕು. ಉಪಕರಣದ ತೂಕಕ್ಕೆ ಹಲವು ಪಟ್ಟು ಹೆಚ್ಚಿನ ಮರಳುಚೀಲವನ್ನು ಒಂದು ದಿನ ತೂಗುಬಿಟ್ಟು ಜೋಡಣೆಯನ್ನು ಪರೀಕ್ಷಿಸುವವರೆಗೆ ಆ ಮೇಜಿನ ಮೇಲೆ ಒಂದು ಗರಿಯನ್ನೂ ಇಡಬಾರದು. ಆಮೇಲೂ ತಿಂಗಳಿಗೊಮ್ಮೆ ಬೋಲ್ಟ್‌ಗಳನ್ನು ನೋಡುತ್ತಿರಬೇಕು. ಯಾರಾದರೂ ಏಣಿ ಹತ್ತಿದರೆ ಮೊದಲು ಮೇಜು ಖಾಲಿಯಾಗಬೇಕು.

ಸ್ಥಳದ ಆಯ್ಕೆಯಲ್ಲಿಯೂ ವಿವೇಕ ಅಗತ್ಯ. ಸೋರುವ ಜಾಗದ ಕೆಳಗೆ, ಫ್ಯಾನಿನ ಬಳಿ, ಕಿಟಕಿಯ ಬಿಸಿಲು ಬೀಳುವಲ್ಲಿ ಮೇಜು ಇರಕೂಡದು. ಫ್ಯಾನಿನ ಗಾಳಿ ಬಿಡಿ ಗರಿಯನ್ನು ಹಾರಿಸುತ್ತದೆ, ಅದರ ಕಂಪನ ಅದೇ ಚಾವಣಿಯ ಮೂಲಕ ಕ್ಯಾಮೆರಾವನ್ನು ಮುಟ್ಟಿ ಅಕ್ಷರವನ್ನು ಕದಡುತ್ತದೆ. ಕ್ಯಾಮೆರಾದ ದೃಷ್ಟಿ ಮೇಜಿಗೆ ಲಂಬವಾಗಿರಬೇಕು. ಮೇಜನ್ನು ರಸಮಟ್ಟದಿಂದ ಸಮಗೊಳಿಸಿ, ನಡುವೆ ಒಂದು ಸಣ್ಣ ಕನ್ನಡಿಯನ್ನು ಇಟ್ಟು ಪರದೆಯನ್ನು ನೋಡಿದಾಗ ಮಸೂರದ ಪ್ರತಿಬಿಂಬವು ಚಿತ್ರದ ನಟ್ಟನಡುವೆ ಕಂಡರೆ ಜೋಡಣೆ ಸರಿಯಿದೆ ಎಂದರ್ಥ.

ಮಳೆಗಾಲವನ್ನು ಮರೆತು ಈ ಸೀಮೆಯಲ್ಲಿ ಯಾವ ಯೋಜನೆಯನ್ನೂ ಮಾಡುವಂತಿಲ್ಲ. ನಾಡಿಗೆ ವಿದ್ಯುತ್ತನ್ನು ಕೊಟ್ಟ ಕಣಿವೆಯ ಊರುಗಳಲ್ಲಿಯೇ ಗಾಳಿಮಳೆಗೆ ಮರ ಬಿದ್ದು ತಂತಿ ಹರಿಯುವುದು ಮಾಮೂಲಿ. ಆದ್ದರಿಂದ ಸರಿಯಾದ ಅರ್ಥಿಂಗ್, ಯುಪಿಎಸ್‌ಗಳಿಲ್ಲದೆ ಕ್ಯಾಮೆರಾವನ್ನು ಬಳಸಬಾರದು. ಗುಡುಗು ಮಿಂಚಿನ ಸಮಯದಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಳಚಬೇಕು. ತಂತಿಗಳು ಮೇಜಿನ ಮೇಲೆ ಜೋತಾಡದೆ ಗೋಡೆಗುಂಟ ಕೊಳವೆಯಲ್ಲಿ ಇಳಿಯಬೇಕು. ಅಟ್ಟದಿಂದ ಇಳಿಸಿದ ಕಟ್ಟು ತೇವವಾಗಿದ್ದರೆ ಕೂಡಲೇ ಬಿಚ್ಚದೆ, ಬಿಸಿಲಿಗೂ ಹಾಕದೆ, ಗಾಳಿಯಾಡುವ ನೆರಳಿನಲ್ಲಿ ನಿಧಾನವಾಗಿ ಆರಲು ಬಿಡಬೇಕು. ಅಂಚು ಸೀಳಿದ ಗರಿಗಳಿಗೆ ಕೈಗವಸಿನ ನೂಲು ಸಿಕ್ಕಿಕೊಳ್ಳುವುದರಿಂದ ತೊಳೆದು ಒರಸಿದ ಒಣ ಕೈಯೇ ಲೇಸು.

ಈ ಉಪಕರಣದ ಮಿತಿಯನ್ನೂ ಹೇಳಬೇಕು. ತರಗತಿಗೆಂದು ತಯಾರಾದ ಕ್ಯಾಮೆರಾ ಚಿತ್ರದ ಅಗಲಕ್ಕೆ ೧೯೨೦ ಬಿಂದುಗಳನ್ನು ಕೊಡುತ್ತದೆ ಎಂದುಕೊಳ್ಳೋಣ. ಒಂದೂವರೆ ಅಡಿ ಉದ್ದದ ಗರಿಯನ್ನು ಇಡಿಯಾಗಿ ತೆಗೆದರೆ ಅಂಗುಲಕ್ಕೆ ಸುಮಾರು ೧೦೭ ಬಿಂದುಗಳಷ್ಟೇ ದೊರೆಯುತ್ತವೆ. ಪಾಠ ಹೇಳಲು ಇದು ಸಾಕು. ಸಂರಕ್ಷಣೆಯ ಪ್ರತಿಗೆ ಅಂಗುಲಕ್ಕೆ ೩೦೦ ಬಿಂದುಗಳಾದರೂ ಇರಬೇಕೆಂಬುದು ಸಾಮಾನ್ಯ ನಿಯಮ. ೩೮೪೦ ಬಿಂದುಗಳ ಕ್ಯಾಮೆರಾದಲ್ಲಿ ಗರಿಯನ್ನು ಹತ್ತತ್ತು ಅಂಗುಲದ ಎರಡು ಭಾಗಗಳಾಗಿ, ನಡುವೆ ಎರಡು ಅಂಗುಲ ಒಂದರ ಮೇಲೊಂದು ಬರುವಂತೆ ತೆಗೆದರೆ ಈ ಮಟ್ಟವನ್ನು ಮುಟ್ಟಬಹುದು. ಮಸೂರದಿಂದ ಹಿಗ್ಗಿಸಿದ ಚಿತ್ರಕ್ಕೆ ಮಾತ್ರ ಈ ಲೆಕ್ಕ ಅನ್ವಯಿಸುತ್ತದೆ. ಯಂತ್ರವು ಲೆಕ್ಕಾಚಾರದಿಂದ ಹಿಗ್ಗಿಸಿದ ಚಿತ್ರದಲ್ಲಿ ಹೊಸ ವಿವರ ಯಾವುದೂ ಸೇರುವುದಿಲ್ಲ. ತೋರಿಸುವುದು ಬೇರೆ, ಉಳಿಸುವುದು ಬೇರೆ ಎಂಬ ಈ ವಿವೇಚನೆ ಇಲ್ಲದೆ ‘ಡಿಜಿಟಲೀಕರಣ ಮುಗಿಯಿತು’ ಎಂದು ವರದಿ ಬರೆಯುವುದು ಮುಂದಿನ ತಲೆಮಾರಿಗೆ ಮಾಡುವ ಅನ್ಯಾಯ.

ಎಲ್ಲರ ಕೈಯಲ್ಲಿಯೂ ಮೊಬೈಲ್ ಇರುವಾಗ ಇಷ್ಟೆಲ್ಲ ಏರ್ಪಾಡು ಏಕೆ ಎಂಬ ಪ್ರಶ್ನೆ ಸಹಜವಾಗಿಯೇ ಬರುತ್ತದೆ. ತುರ್ತು ಸಂದರ್ಭದಲ್ಲಿ ಮೊಬೈಲಿನ ಚಿತ್ರವೂ ಇರಲಿ. ಆದರೆ ಅದರಲ್ಲಿ ಓರೆಕೋರೆ, ಕೈಯ ನೆರಳು ತಪ್ಪುವುದಿಲ್ಲ, ಅಳತೆಪಟ್ಟಿ ಇರುವುದಿಲ್ಲ, ಗರಿಗಳ ಅನುಕ್ರಮ, ಮುಂಬದಿ ಹಿಂಬದಿಗಳ ಗುರುತು ಉಳಿಯುವುದಿಲ್ಲ. ಮೇಲಾಗಿ ಆ ಮೊಬೈಲು ಹಾಳಾದ ದಿನ ಹಸ್ತಪ್ರತಿ ಎರಡನೆಯ ಬಾರಿ ಮುಳುಗುತ್ತದೆ.

ಕಾಲವೂ ಈಗ ಅನುಕೂಲಕರವಾಗಿದೆ. ೨೦೦೩ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನದ ಅನುಭವ ನಮ್ಮ ಮುಂದಿದೆ. ೨೦೨೫–೨೬ರ ಕೇಂದ್ರ ಮುಂಗಡಪತ್ರದಲ್ಲಿ ಪ್ರಕಟಿಸಲಾದ ‘ಜ್ಞಾನ ಭಾರತಂ’ ಯೋಜನೆಯು ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ದಾಖಲೀಕರಣ, ಸಂರಕ್ಷಣೆಗಳ ಗುರಿಯನ್ನು ಹೊಂದಿದೆ. ಸಾಗರ ತಾಲ್ಲೂಕಿನಲ್ಲಿಯೇ ಇರುವ ಕೆಳದಿಯ ವಸ್ತುಸಂಗ್ರಹಾಲಯವು ಕನ್ನಡದ ಜೊತೆಗೆ ತಿಗಳಾರಿ ಲಿಪಿಯ ಓಲೆಗರಿಗಳನ್ನೂ ಕಾಪಾಡಿಕೊಂಡು ಬಂದಿದೆ. ೨೦೨೫ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ಸಂಚಾರಕ್ಕೆ ತೆರೆದ ಮೇಲೆ, ಲಾಂಚಿನ ವೇಳೆಗೆ ಕಾಯಬೇಕಾಗಿದ್ದ ತುಮರಿ ಭಾಗದ ಜನರು ಬೆಳಿಗ್ಗೆ ಕಟ್ಟಿನೊಡನೆ ಸಾಗರಕ್ಕೆ ಬಂದು ಸಂಜೆಯೊಳಗೆ ಅದರೊಡನೆಯೇ ಮನೆ ಸೇರುವುದು ಸುಲಭವಾಗಿದೆ.

ಆದ್ದರಿಂದ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ತಲಾ ಒಂದು ಕಾಲೇಜಿನ ಕನ್ನಡ ವಿಭಾಗದಲ್ಲಾದರೂ ಇಂತಹ ಒಂದು ಮೇಜು ಸಿದ್ಧವಾಗಬೇಕು. ಅಲ್ಲಿ ಪಾಲಿಸಬೇಕಾದ ನಿಯಮಗಳು ಹೆಚ್ಚಿಲ್ಲ. ಮನೆಯವರ ಲಿಖಿತ ಒಪ್ಪಿಗೆಯಿಲ್ಲದೆ ಚಿತ್ರೀಕರಣ ಸಲ್ಲದು. ಚಿತ್ರಗಳ ಒಂದು ಪ್ರತಿ ಅದೇ ದಿನ ಅವರ ಕೈ ಸೇರಬೇಕು; ಉಳಿದ ಎರಡು ಪ್ರತಿಗಳು ಎರಡು ಬೇರೆ ಬೇರೆ ಊರುಗಳಲ್ಲಿ ಇರಬೇಕು. ಭೂಮಿಗೆ, ಕುಟುಂಬದ ಪಾಲಿಗೆ ಸಂಬಂಧಿಸಿದ ಪತ್ರಗಳನ್ನು ಅವರ ಅನುಮತಿಯಿಲ್ಲದೆ ಯಾರಿಗೂ ತೋರಿಸಕೂಡದು. ಚಿತ್ರವು ಮೂಲಕ್ಕೆ ಪರ್ಯಾಯವಲ್ಲ, ಮೂಲವನ್ನು ಜೋಪಾನವಾಗಿಯೇ ಇಟ್ಟುಕೊಳ್ಳಬೇಕು ಎಂಬ ತಿಳಿವಳಿಕೆಯನ್ನು ಅವರಿಗೆ ಕೊಟ್ಟು ಕಳುಹಿಸಬೇಕು. ಸ್ನಾತಕೋತ್ತರ ತರಗತಿಯ ಗ್ರಂಥಸಂಪಾದನಾ ಶಾಸ್ತ್ರದ ಪತ್ರಿಕೆಯಲ್ಲಿ ಓಲೆಯ ಸಂಸ್ಕಾರ, ಲಿಪಿಕಾರನ ಸ್ಖಾಲಿತ್ಯಗಳ ಜೊತೆಗೆ ಬೆಳಕು, ಲಂಬ, ಅಳತೆ, ಜೋಡಣೆಗಳ ಒಂದು ಪಾಠವೂ ಸೇರಬೇಕು.

ನಾಡಿನ ಬೆಳಕಿಗಾಗಿ ಈ ಸೀಮೆಯ ಜನ ಊರು ಬಿಟ್ಟರು. ಅವರ ಓಲೆ, ಕಡತಗಳ ಮೇಲೆ ಸರಿಯಾದ ಕೋನದಿಂದ ಒಂದಿಷ್ಟು ಬೆಳಕು ಬೀಳುವಂತೆ ಮಾಡುವುದು ಕನ್ನಡ ವಿಭಾಗಗಳಿಗೆ ಅಸಾಧ್ಯವಾದ ಕೆಲಸವೇನೂ ಅಲ್ಲ. ಅಟ್ಟದ ಪೆಟ್ಟಿಗೆಗಳು ಪ್ರತಿ ಮಳೆಗಾಲದಲ್ಲಿಯೂ ಸ್ವಲ್ಪ ಸ್ವಲ್ಪವೇ ಬರಿದಾಗುತ್ತಿವೆ ಎಂಬುದನ್ನು ನೆನಪಿನಲ್ಲಿಟ್ಟು ಕೆಲಸವನ್ನು ಬೇಗ ಆರಂಭಿಸಬೇಕಾಗಿದೆ.