ದಂಡದ ರಿಯಾಯಿತಿ ಸಾಕು, ಲೈಸೆನ್ಸ್ ಅಮಾನತು ಮಾಡಿ

ಶಿವಮೊಗ್ಗದಲ್ಲಿ ತುಂಗಾ ಸೇತುವೆ ದಾಟಿ ವಿದ್ಯಾನಗರಕ್ಕೆ ಬರುವ ಬಿ.ಎಚ್. ರಸ್ತೆಯಲ್ಲಿ ಸಂಜೆ ಹೊತ್ತು ನಿಂತು ನೋಡಿ. ಸಹ್ಯಾದ್ರಿ ಕಾಲೇಜಿನ ಮಕ್ಕಳು, ಭದ್ರಾವತಿ ಬಸ್ಸು, ಲಾರಿ, ಆಟೊ ಎಲ್ಲದರ ನಡುವೆ ಹೆಲ್ಮೆಟ್ಟಿನೊಳಗೆ ಫೋನ್ ಸಿಕ್ಕಿಸಿಕೊಂಡು, ಕತ್ತು ವಾಲಿಸಿ ಮಾತಾಡುತ್ತಲೇ ನುಗ್ಗುವವರು. ಇದು ತಪ್ಪೆಂದು ಅವರಿಗೆ ಗೊತ್ತು. ತಪ್ಪಿನ ದರ ಆಗಾಗ ಅರ್ಧಕ್ಕೆ ಇಳಿಯುತ್ತದೆ ಎಂಬುದೂ ಗೊತ್ತು.

2023ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಾಕಿ ಸಂಚಾರ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಿತು. ಬೊಕ್ಕಸಕ್ಕೆ ಕೋಟಿಗಟ್ಟಲೆ ಹಣ ಬಂತು. ಆ ರುಚಿ ಹತ್ತಿದ ಮೇಲೆ ಬಿಡಲಿಲ್ಲ, 2025ರ ಆಗಸ್ಟ್‌ನಲ್ಲಿ ಮತ್ತೆ ಅದೇ ಘೋಷಣೆ. ನೋ ಪಾರ್ಕಿಂಗ್ ದಂಡಕ್ಕೆ ಈ ದಯೆ ತೋರಿಸಿದರೆ ನನ್ನ ತಕರಾರಿಲ್ಲ. ಫೋನ್ ಹಿಡಿದು ಗಾಡಿ ಓಡಿಸಿದವರಿಗೂ ಏಕೆ? ಗಂಟೆಗೆ 60 ಕಿ.ಮೀ. ವೇಗದಲ್ಲಿ 5 ಸೆಕೆಂಡ್ ಮೆಸೇಜ್ ಓದಿದರೆ ಗಾಡಿ 83 ಮೀಟರ್ ಕುರುಡಾಗಿ ಓಡಿರುತ್ತದೆ. ಅಷ್ಟರೊಳಗೆ ರಸ್ತೆ ದಾಟುತ್ತಿದ್ದ ಅಜ್ಜಿಯ ಜೀವಕ್ಕೆ ಯಾವ ರಿಯಾಯಿತಿಯೂ ಇಲ್ಲ.

ಕಾನೂನು ಬಲವಾಗಿಯೇ ಇದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಫೋನ್ ಹಿಡಿದು ಓಡಿಸುವುದನ್ನು ಅಪಾಯಕಾರಿ ಚಾಲನೆಯ ಸಾಲಿಗೆ ಸೇರಿಸಿದೆ. ಮೊದಲ ಸಲಕ್ಕೇ 6 ತಿಂಗಳಿಂದ 1 ವರ್ಷ ಜೈಲು, ಇಲ್ಲವೇ 1,000ದಿಂದ 5,000 ರೂಪಾಯಿ ದಂಡ, ಅಥವಾ ಎರಡೂ. ಇಂಥ ಅಪರಾಧದಲ್ಲಿ ಪೊಲೀಸರು ಲೈಸೆನ್ಸ್ ವಶಪಡಿಸಿಕೊಂಡು ಆರ್‌ಟಿಒಗೆ ಕಳಿಸಬೇಕು ಎನ್ನುತ್ತದೆ 206ನೇ ಕಲಂ. ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿಯಂತೂ ಕನಿಷ್ಠ 3 ತಿಂಗಳು ಲೈಸೆನ್ಸ್ ಅಮಾನತು ಮಾಡಿ ಎಂದು 2015ರಲ್ಲೇ ರಾಜ್ಯಗಳಿಗೆ ಹೇಳಿತ್ತು. ಇಷ್ಟಿದ್ದೂ ರಸ್ತೆಬದಿಯಲ್ಲಿ ನಡೆಯುವುದು ಬಹುಪಾಲು ರಸೀದಿ ಹರಿಯುವ ಕೆಲಸ. ಕಾರಿನವನಿಗೆ ಆ ಹಣ ಒಂದು ಹೊತ್ತಿನ ಹೋಟೆಲ್ ಬಿಲ್ಲು, ಗಾರೆ ಕೆಲಸದವನಿಗೆ ಎರಡು ದಿನದ ಕೂಲಿ. ಲೈಸೆನ್ಸ್ ಕಳೆದುಕೊಂಡರೆ ಮಾತ್ರ ಇಬ್ಬರೂ 3 ತಿಂಗಳು ಗಾಡಿ ಮುಟ್ಟುವಂತಿಲ್ಲ.

ಊಟ ತಲುಪಿಸುವ ಹುಡುಗರ, ಆಟೊದವರ ಹೊಟ್ಟೆಪಾಡು ಫೋನಿನಲ್ಲೇ ಇದೆಯಲ್ಲ ಎನ್ನುತ್ತಾರೆ. ನಿಜ. ಅದಕ್ಕೇ 2020ರ ಅಕ್ಟೋಬರ್‌ನಿಂದ, ಗಮನ ಕದಡದಂತೆ ದಾರಿ ನೋಡಲು ಮಾತ್ರ ಫೋನ್ ಬಳಸಲು ನಿಯಮವೇ ಅವಕಾಶ ಕೊಟ್ಟಿದೆ. ಸ್ಟ್ಯಾಂಡಿಗೆ ಸಿಕ್ಕಿಸಿ ಮ್ಯಾಪ್ ನೋಡಲಿ. ಓಡುವ ಗಾಡಿಯ ಮೇಲಿರುವವರಿಗೆ ಆರ್ಡರ್ ಕಳಿಸಿ, ಕ್ಷಣದಲ್ಲಿ ಒಪ್ಪಿಕೊಳ್ಳಿ ಎಂದು ಅವಸರ ಮಾಡುವ ಕಂಪನಿಗಳನ್ನು ಸರ್ಕಾರ ಕರೆದು ಕೇಳಲಿ. ಆ ಹೊಣೆಯನ್ನು ಹುಡುಗರ ತಲೆಗೆ ಕಟ್ಟುವುದು ಅನ್ಯಾಯ.

ಶಿವಮೊಗ್ಗ, ಭದ್ರಾವತಿಯ ಪೊಲೀಸರಿಗೆ ಹೊಸ ಅಧಿಕಾರವೇನೂ ಬೇಕಿಲ್ಲ. ಹಿಡಿದ ಲೈಸೆನ್ಸನ್ನು ಆರ್‌ಟಿಒ ಕಚೇರಿಗೆ ಕಳಿಸಲಿ. ಪ್ರತಿ ತಿಂಗಳು ಎಷ್ಟು ಕಳಿಸಿದರು, ಎಷ್ಟು ಅಮಾನತಾದವು ಎಂದು ಜನರಿಗೆ ತಿಳಿಸಲಿ. ಮುಂದಿನ ರಿಯಾಯಿತಿ ಆದೇಶ ಹೊರಡಿಸುವಾಗ ವಿಧಾನಸೌಧದವರು 184ನೇ ಕಲಂ ಅನ್ನು ಅದರಿಂದ ಹೊರಗಿಡಲಿ.